ಹದಿನಾಲ್ಕನೆಯ ತಟ್ಟೆ

ಜೀಪು ಓಡಿಸುವವನು ನಾನು. ಹಿಂದಿನ ಸೀಟಿನ ಜಗಳ
ಕನ್ನಡಿಯಲ್ಲೇ ಕಾಣುತ್ತದೆ, ಕೇಳಿಸಬೇಕೆಂದೇನಿಲ್ಲ.
ಜುಲೇಯ್ಡಿ, ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರು:
ಮಡಿಲಲ್ಲಿ ಪುಟ್ಟ ಪ್ರಿಂಟರು, ಧೂಳು ಕೂರದಂತೆ
ಕೂಸಿಗೆ ಹೊದಿಸಿದ ಹಾಗೆ ಅದಕ್ಕೊಂದು ಟವೆಲು.
ತೆಲೆಸ್, ಪೊಲೀಸು: ಮೊಣಕಾಲ ನಡುವೆ ಬಂದೂಕು,
ಬಾಯಲ್ಲಿ ಪೆಪ್ಪರಮೆಂಟು.

ನೀವು ಮೊದಲು ಇಳಿದರೆ ಆಳುಗಳು ಕಾಡು ಸೇರುತ್ತಾರೆ, ಅನ್ನುತ್ತಾಳೆ.
ನೀವು ಮೊದಲು ಇಳಿದರೆ ಗುಂಡು ನಿಮಗೇ, ಅನ್ನುತ್ತಾನೆ.
ಮರಬಾ ದಾಟಿ ಎರಡು ತಾಸು, ಕೆಂಪು ದಾರಿ.
ಇಬ್ಬರದೂ ನಿಜ, ಅದೇ ತೊಡಕು.

ಹೋದ ವರ್ಷ ಎರಡು ಇಲಾಖೆ ಎರಡು ದಿನ ಬಂದವು.
ಸೋಮವಾರ ಪೊಲೀಸರು. ಒಂದು ಕೋವಿಯೂ ಸಿಗಲಿಲ್ಲ,
ಕಾಫಿ ಕುಡಿದು ಹೋದರು.
ಗುರುವಾರ ಇವಳು. ಒಂದು ನರಪಿಳ್ಳೆಯೂ ಇಲ್ಲ,
ಗೂಡಿನ ಬೂದಿ ಮಾತ್ರ ಇನ್ನೂ ಬಿಸಿ.
ಈ ಸಲ ಒಂದೇ ಜೀಪು. ಡೀಸೆಲ್ಲು ಯಾರ ಲೆಕ್ಕಕ್ಕೆ ಎಂಬ ಕಾಗದ
ಇನ್ನೂ ಬ್ರಸೀಲಿಯಾದಲ್ಲಿ ಮೇಜಿಂದ ಮೇಜಿಗೆ ಸುತ್ತುತ್ತಿದೆ.

ಬೋರಲು ಹಾಕಿದ ಹರವಿಗಳಂತೆ ಇದ್ದಿಲ ಗೂಡುಗಳು.
ಹೊಗೆ ಎದ್ದು ಹೋಗುವುದಿಲ್ಲ, ಅಲ್ಲೇ ಕೂತಿರುತ್ತದೆ.
ಊರೂರು ಅಲೆದು ಆಳು ಕೂಡಿ ತರುವವನಿಗೆ
ಈ ಸೀಮೆಯಲ್ಲಿ ಬೆಕ್ಕು ಅಂತಲೇ ಹೆಸರು.
ಗಂಟೆ ಕಟ್ಟುವವರಾರು ಎಂದು ನಾನು ಯೋಚಿಸುವಷ್ಟರಲ್ಲಿ
ಇಬ್ಬರೂ ಒಟ್ಟಿಗೆ ಇಳಿದರು, ಎಡಬಲದ ಬಾಗಿಲಿಂದ.
ಬೆಕ್ಕು ಯಾರನ್ನು ನೋಡಲೆಂದು ತಿಳಿಯದೆ
ನನ್ನನ್ನು ನೋಡಿತು.

ತೆಲೆಸ್‌ಗೆ ಹಾಸಿಗೆಯಡಿ ಎರಡು ಕೋವಿ ಸಿಕ್ಕವು.
ಜುಲೇಯ್ಡಿಗೆ ಬೇಕಿದ್ದದ್ದು ಒಂದು ಪುಸ್ತಕ, ಎಣ್ಣೆಜಿಡ್ಡಿನ ರಟ್ಟು:
ಬೂಟು, ಬಾಕಿ. ಕೊಡಲಿ, ಬಾಕಿ.
ಜ್ವರದ ಮಾತ್ರೆ, ಬಾಕಿ. ಬಂದ ಲಾರಿಯ ಬಾಡಿಗೆ, ಬಾಕಿ.
ಉಪ್ಪಿನ ಋಣ ದೊಡ್ಡದೆನ್ನುತ್ತಾರೆ;
ಇಲ್ಲಿ ನಿಜಕ್ಕೂ ದೊಡ್ಡದು, ಪೇಟೆ ಬೆಲೆಯ ಮೂರು ಪಟ್ಟು.
ಹದಿಮೂರು ಹೆಸರು, ಎಲ್ಲ ಮಾರನ್ಯಾಂವ್ ಕಡೆಯವರು.
ಹದಿಮೂರು ಜನ ಸಾಲಾಗಿ ನಿಂತಿದ್ದರು. ಲೆಕ್ಕ ಸರಿಹೋಯಿತು.
ಅವಳು ಪುಸ್ತಕ ಮುಚ್ಚಿದಳು.

ತಟ್ಟೆ ಹದಿನಾಲ್ಕಿವೆ, ಅಂದ ತೆಲೆಸ್.
ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ನಿಂತಿದ್ದ.

ಯಾರೂ ಮಾತಾಡಲಿಲ್ಲ. ಒಬ್ಬ ಹುಡುಗ
ಗೋಣಿಪರದೆಯ ಕಡೆ ನೋಡಿ, ನೋಡಿಲ್ಲವೆಂಬಂತೆ ಕೆಮ್ಮಿದ.
ದೊರಾಲೀಸಿ ಕೈಯ ಸೌಟು ಇಳಿಸದೇ ಬಂದಳು.
ಸಂಬಳ ಎಷ್ಟು? ಅಡುಗೆಗೂ ಸಂಬಳವೆ?
ಸಾಲ ಎಷ್ಟು? ನನ್ನ ಹೆಸರಲ್ಲಿ ಬರೆದಿಲ್ಲ.
ಸಾಲ ಬರೆಸಿಕೊಳ್ಳಲಿಕ್ಕೂ ಮನುಷ್ಯರಾಗಿರಬೇಕು.
ಯಾವಾಗಿನಿಂದ ಇದ್ದೀ? ಮೊದಲ ಗೂಡಿಗೆ ಮಣ್ಣು ತುಳಿದವಳು ನಾನೇ.
ಜುಲೇಯ್ಡಿಯ ಪೆನ್ನು ನಿಂತಿತು. ಕಾನೂನಿಗೆ ತಾರೀಕು ಬೇಕು.

ತೆಲೆಸ್ ಟಾರ್ಚು ಹಿಡಿದು ಗೂಡುಗೂಡಿನೆದುರೂ ಕುಕ್ಕರಗಾಲಲ್ಲಿ ಕೂತ,
ಕೊಲೆ ನಡೆದ ಮನೆಯಲ್ಲಿ ಹುಡುಕುವವನಂತೆ.
ಸಾಲಿನ ಏಳನೆಯದು, ಅದೇ ಎಲ್ಲಕ್ಕಿಂತ ಹಳೆಯದು.
ಬಾಗಿಲ ಕೆಳಗೆ ಯಾರೋ ಹಸಿಮಣ್ಣಲ್ಲಿ ಗೀಚಿದ್ದು:
ತಿಂಗಳು, ವರ್ಷ. ಪಕ್ಕದಲ್ಲೇ ಒಂದು ಚಿಕ್ಕ ಹೆಜ್ಜೆ.
ಬರೆದುಕೊಳ್ಳಿ, ಅಂದ.
ಐದು ವರ್ಷ ನಾಲ್ಕು ತಿಂಗಳು. ಅವಳು ಕೂಡಿಸಿದಳು,
ರಜೆಯ ಹಣವೂ ಬೋನಸ್ಸೂ ಬಿಡದೆ.
ಪ್ರಿಂಟರು ಜೀಪಿನ ಬ್ಯಾಟರಿಯಿಂದ ಗೊರಗೊರ ಅಂದಿತು.
ಹೆಬ್ಬೆಟ್ಟಿಗೆ ಶಾಯಿ ಡಬ್ಬಿ ಬೇಕಾಗಲಿಲ್ಲ.

ಮಾಲೀಕ ಬೆಲೇಮಿನಲ್ಲಿದ್ದಾನೆ. ಡಾಂಬರು ಸಿಗುವ ಮೊದಲೇ
ಅವನ ವಕೀಲನ ಫೋನು ಬಂತು, ಇಬ್ಬರಿಗೂ ಬೇರೆ ಬೇರೆ,
ಒಬ್ಬರಿಗೆ ಇನ್ನೊಬ್ಬರ ಮೇಲೆ ಚಾಡಿ.
ಇಬ್ಬರೂ ಫೋನನ್ನು ಸ್ಪೀಕರಿಗೆ ಹಾಕಿದರು.

ಗಂಡಸರು ಸಂಜೆ ತರಿಸಿದ ಬಸ್ಸಿನಲ್ಲಿ. ದೊರಾಲೀಸಿ ನನ್ನ ಪಕ್ಕ.
ಕನ್ನಡಿಯಲ್ಲಿ ಮತ್ತೆ ಜಗಳ:
ಆ ತಟ್ಟೆ ಪೊಲೀಸರ ಪಂಚನಾಮೆಗೆ ಸೇರಬೇಕೋ,
ಕಾರ್ಮಿಕ ಇಲಾಖೆಯ ವರದಿಗೋ.
ಅವಳದನ್ನು ಎರಡೂ ಕೈಯಲ್ಲಿ ಎದೆಗವಚಿದ್ದಳು.
ಕೊಡುವುದಿಲ್ಲ, ಅಂದಳು, ತಿರುಗಿ ನೋಡದೆ.
ಆಮೇಲೆ ನನಗೆ ಮಾತ್ರ, ಮೆಲ್ಲಗೆ:
ಇವತ್ತು ರಾತ್ರಿ ಇಷ್ಟು ಜನಕ್ಕೆ ಬೇಯಿಸುವವರು ಯಾರು?