ಮಾರ್ಚ್ ಹದಿನೇಳರ ಪುಟ

ಈ ವರ್ಷದ ಡೈರಿ ಮೀನುಗಾರರ ಸೊಸೈಟಿಯವರು ಕೊಟ್ಟದ್ದು,
ರಟ್ಟಿನ ಮೇಲೆ ಬಂಗಾರದ ಬಣ್ಣದ ದೋಣಿ.
ಜನವರಿ ಒಂದರಿಂದ ಒಂಬತ್ತರವರೆಗೆ
ನನ್ನ ಅಕ್ಷರ ಎಷ್ಟು ಶಿಸ್ತು ಅಂದರೆ
ಹೆಣ್ಣು ನೋಡಲು ಬಂದವರ ಹಾಗೆ ಕೂತಿದೆ,
ಮಂಡಿ ಜೋಡಿಸಿಕೊಂಡು.
ಹತ್ತಕ್ಕೆ ‘ಗ್ಯಾಸ್’ ಅಂತ ಒಂದೇ ಶಬ್ದ.
ಆಮೇಲೆ ಬಿಳಿ.
ಬಿಳಿ, ಬಿಳಿ, ಒಂದು ಚಾ ಕಪ್ಪಿನ ಉಂಗುರ, ಬಿಳಿ.

ಬೈತಖೋಲದ ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುವವಳು ನಾನು.
ಸಾಂತ ಆನ್ನಾ ಬೋಟಿಗೆ ನಲವತ್ತು ಗಡ್ಡೆ,
ಸಿದ್ಧಿಪ್ರಸಾದಕ್ಕೆ ಅರವತ್ತು.
ಅವರು ಹೇಳಿದ್ದು ಕಿವಿಯಿಂದ ಕೈಗೆ ಬರುವಷ್ಟರಲ್ಲಿ
ಅರ್ಧ ಕರಗಿರುತ್ತದೆ.
ಒಮ್ಮೆ ಆ ಅರವತ್ತನ್ನು ಮರೆತೇಬಿಟ್ಟೆ,
ಬುಟ್ಟಿಗಟ್ಟಲೆ ಬಂಗಡೆ ಧಕ್ಕೆಯ ಮೇಲೆ ಬಿಸಿಲು ಕಾಯಿಸಿತು.
ಬೋಟಿನವರು ಅಷ್ಟೇನೂ ಬೈಯಲಿಲ್ಲ.
ಬೈಯುವ ಕೆಲಸ ನಾನೇ ವಹಿಸಿಕೊಂಡಿದ್ದೆ;
ಅದೊಂದನ್ನು ಮಾತ್ರ ಎಂದೂ ಮರೆತವಳಲ್ಲ.

ಮಗನನ್ನು ತೋರಿಸಲೆಂದೇ ಹೋದದ್ದು ದೊಡ್ಡಾಸ್ಪತ್ರೆಗೆ.
ಡಾಕ್ಟರು ಕೇಳಿದರು, ಶುರು ಮಾಡಿದ್ದನ್ನು ಮುಗಿಸುತ್ತಾನಾ?
ಇಲ್ಲ ಅಂದೆ. ಒಲೆಯ ಮೇಲೆ ಹಾಲು,
ಮಿಷನ್ನಿನೊಳಗೆ ಎರಡು ದಿನದ ಒದ್ದೆ ಬಟ್ಟೆ.
ಮಾತಿನ ನಡುವೆ ಕಳೆದುಹೋಗುತ್ತಾನಾ?
ಹೌದು, ಧಾರೆಯ ಹೊತ್ತಿನಲ್ಲೂ.
ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು.
ಆರುಷನಿಗೆ ಹನ್ನೊಂದು ವರ್ಷ ಅಲ್ವಾ ಅಮ್ಮ?
ಅವನು ಕಿಟಕಿಯಲ್ಲಿ ನಿಂತು
ಎಣಿಸಿದ ಹಡಗನ್ನೇ ಮತ್ತೆ ಎಣಿಸುತ್ತಿದ್ದ.

ಇಂಗ್ಲಿಷಿನ ನಾಲ್ಕಕ್ಷರ, ಎಡಿಎಚ್‌ಡಿ.
ನಲವತ್ತೆರಡು ವರ್ಷ ನನ್ನನ್ನು ಕರೆದ ಹೆಸರುಗಳು,
ಗಾಳಿ, ಹಾರುಬುದ್ಧಿ, ತಲೆ ಎಲ್ಲಿಟ್ಟು ಬಂದೆ,
ನನ್ನ ಜೊತೆಗೇ ಕೋಡಿಬಾಗದ ಬಸ್ಸು ಹತ್ತಿದವು.
ಸ್ಟಾಪು ಬಂದರೂ ಇಳಿಯಲಿಲ್ಲ.

ಕಡಲು ನೋಡಿ ಸಮಾಧಾನ ಮಾಡಿಕೊ,
ಅಂದಳು ಪಕ್ಕದ ಮೇಜಿನ ಲವೀನಾ,
ಉಬ್ಬರವೂ ದಿನಾ ಮುಕ್ಕಾಲು ಗಂಟೆ ತಡ.
ನಿಜ. ಆದರೆ ಅದರ ತಡ
ಬಂದರು ಕಚೇರಿಯ ಗೋಡೆಯಲ್ಲಿ ಅಚ್ಚಾಗಿ ತೂಗುತ್ತದೆ.
ನನ್ನದು ನನಗೇ ಆಮೇಲೆ ಗೊತ್ತಾಗುವುದು.

ಮಧ್ಯಾಹ್ನ ಶೆಡ್ಡಿನ ನೆರಳಲ್ಲಿ ಸೋಮಾ ತಾಂಡೇಲ
ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಬಲೆ ಸರಿಮಾಡುತ್ತಿದ್ದ.
ಎಲ್ಲಿಂದ ಹರಿಯಿತು ಅಂತ ಹೇಗೆ ಹುಡುಕುತ್ತಿ, ಕೇಳಿದೆ.
ಹುಡುಕುವುದೇನು, ಕೈಗೆ ಸಿಕ್ಕಲ್ಲಿಂದ.
ಕಲ್ಲಿಗೆ ಹರಿಯಿತಾ, ಮೀನಿಗೆ ಹರಿಯಿತಾ ಅಂತ ಪಂಚಾಯ್ತಿ ಕೂತರೆ
ನಾಳೆಗೆ ಬಲೆ ಇಲ್ಲ.
ಹಲ್ಲಲ್ಲಿ ದಾರ ಕಚ್ಚಿಕೊಂಡೇ ನಕ್ಕ:
ಅಷ್ಟಕ್ಕೂ ಬಲೆ ಅಂದರೆ ಏನು ಬಾಯೀ,
ತೂತೇ ಅಲ್ವಾ,
ಅಳತೆಗೆ ಕಟ್ಟಿದ್ದು.

ಅವನಲ್ಲಿ ಒಂದು ಮಾರು ನೈಲಾನ್ ದಾರ ಬೇಡಿ ತಂದು
ಪೆನ್ನನ್ನು ಡೈರಿಗೆ ಕಟ್ಟಿದೆ,
ಡೈರಿಯನ್ನು ಮೇಜಿನ ಕಾಲಿಗೆ.
ಫೆಬ್ರವರಿಯನ್ನು ತುಂಬಿಸಲು ಹೋಗಲಿಲ್ಲ.
ಮಾರ್ಚ್ ಹದಿನೇಳು ತೆರೆದು ಬರೆದೆ:
ಒಂದು, ಸಾಂತ ಆನ್ನಾ, ನಲವತ್ತು, ನಾಲ್ಕು ಗಂಟೆಗೆ.
ಎರಡು, ಆರುಷನ ಮಾತ್ರೆ. ನನ್ನದೂ.
ಮೂರು,
ಅಂಕಿ ಬರೆಯುವಷ್ಟರಲ್ಲಿ ಹಾರಿಹೋಯಿತು.
ಇರಲಿ, ಅಂಕಿ ಅಲ್ಲೇ ಇರಲಿ,
ತಿರುಗಿ ಬಂದರೆ ಕೂರಲು ಒಂದು ಜಾಗ.

ಒಳಗಿನ ಬೈಯುವವಳು ಬಾಯಿ ತೆರೆದಳು.
ಐಸ್ ಲೋಡಾಗುತ್ತಿದೆ, ಆಮೇಲೆ ಬಾ, ಅಂದೆ.
ಬರುತ್ತಾಳೆ. ಅವಳಿಗೆ ಮರೆವಿಲ್ಲ.
ಬಂದರೆ
ಅರ್ಧ ಕಪ್ಪು ಚಾ ಕೊಟ್ಟು ಕಳಿಸುತ್ತೇನೆ.