ನಲವತ್ತರಲ್ಲಿ ಹದಿನೇಳು

ಮಗ್ಗದ ಸದ್ದು ಮುಗಿಯುವಲ್ಲಿ, ಬೆಟಗೇರಿಯ ಓಣಿಯೊಳಗೆ
ಗೈಬುಸಾಬ ನದಾಫರ ಮನೆ.
ಅಂಗೈಯಷ್ಟು ಕಾಗದವನ್ನು
ನೋಟ್‌ಬುಕ್ಕಿನ ನಡುವೆ ಮಲಗಿಸಿಕೊಂಡು ಹೋಗಿದ್ದೆ.
ಜೆಕ್ ದೇಶದ ಮರದಚ್ಚು, ವಿನಿಮಯಕ್ಕೆಂದು ಅಂಚೆಯಲ್ಲಿ ಬಂದದ್ದು;
‘ಈ ಪುಸ್ತಕ ನನ್ನದು, ಓದಿ ತಿರುಗಿ ಕೊಡು’ ಎನ್ನಲು
ಅಲ್ಲಿಯವರು ಮೊದಲ ಪುಟಕ್ಕೆ ಅಂಟಿಸುವ ಚೀಟಿ.
ಲಾಟೀನು ಕಚ್ಚಿಕೊಂಡು ಹೊರಟ ಹೆಬ್ಬಾತು,
ಅದರ ಕಾಲಡಿ ಒಂದು ಹೆಸರು.

ಕನ್ನಡಕ ಹಣೆಗೇರಿಸಿದರು.
ಚಿತ್ರ ನೋಡಲಿಲ್ಲ.
ಮಗುಚಿ, ಕಿಟಕಿಯ ಬೆಳಕಿಗೊಡ್ಡಿ
ಬೆನ್ನಿನಿಂದ ನೋಡಿದರು,
ಮೂವತ್ತು ವರ್ಷ ಲಗ್ನಪತ್ರಿಕೆಯ ಗಣಪತಿಯನ್ನು
ಬಲಮುರಿ ಕೆತ್ತಿ ಎಡಮುರಿ ಮೂಡಿಸಿದವರು.

“ಎಡಚ ಇದ್ದಾನಿವ.
ಗೆರಿ ಬಾಲ ಎಲ್ಲಾ ಈ ಕಡೀಗೆ ಬೀಳತಾವ ನೋಡು.
ಸಾಗವಾನಿ ಅಲ್ಲ ಇದು. ಹಣ್ಣಿನ ಗಿಡದ ಕಟ್ಟಿಗಿ.”
ಪೇರ್ ಮರವಂತೆ, ಎಂದೆ.
“ಪೇರಲ?”
ಅಲ್ಲವೆನ್ನಲು ಬಾಯಿ ತೆರೆದು ಸುಮ್ಮನಾದೆ.

“ಈ ಅಕ್ಷರದ ಮ್ಯಾಲೆ ಹಕ್ಕಿ ಕುಂತದಲ್ಲ?”
‘ಸ’ವನ್ನು ‘ಶ’ ಮಾಡುವ ಗುರುತು ಅದು.
ನಕ್ಕರು.
“ನಮ್ಮ ಒತ್ತು ಕೆಳಗ, ಅವರದು ಮ್ಯಾಲೆ.
ಮೊಳಿ ಜೋಡಸಾವನ ಗೋಳು ಎರಡೂ ಕಡೆ ಒಂದ.”

ಮೂಲೆಯಲ್ಲಿ ಪೆನ್ಸಿಲು: ೧೭, ಓರೆಗೆರೆ, ೪೦.
“ಇದೇನು, ರೇಟು?”
ನಲವತ್ತೇ ಪ್ರತಿ ತೆಗೆಯುತ್ತಾರೆ, ಇದು ಹದಿನೇಳನೆಯದು.
ಆಮೇಲೆ ಹಲಗೆಯ ಎದೆಗೆ ಅಡ್ಡ ಗೀರೆಳೆದು
ಮತ್ತೆಂದೂ ಅಚ್ಚಾಗದಂತೆ ಮಾಡುತ್ತಾರೆ, ಕೆಲವರು.

ಕಾಗದ ಕೆಳಗಿಟ್ಟರು.
ಒಳಗೆ ಚಹಾ ಉಕ್ಕಿದ ವಾಸನೆ. ಯಾರೂ ಏಳಲಿಲ್ಲ.

ಆಫ್‌ಸೆಟ್ ಬಂದ ವರ್ಷ ಸೀಸದ ಮೊಳೆ
ಕಿಲೋ ಲೆಕ್ಕದಲ್ಲಿ ಹೋಯಿತು.
ಮರದ ಬ್ಲಾಕು ತಕ್ಕಡಿಗೂ ಬೇಡವಾಯಿತು.
“ಗಣಪತಿ, ಬಾಳಿಕಂಬ, ಕೈ ಮುಗದ ಹೆಣಮಗಳು
ಮೂರು ತಿಂಗಳು ಬಚ್ಚಲ ಒಲಿಯೊಳಗ ಉರಿದ್ರು.
ನೀರು ಮಾತ್ರ ಛಲೋ ಕಾಯತಿತ್ತು.
ಕಡೀ ಕಾಪಿ ಯಾವುದಂತ
ನನಗ ಯಾರೂ ಹೇಳಿರಲಿಲ್ಲ ನೋಡವಾ.”

ಎಂಟು ದಿನಕ್ಕೆ ಫೋನು.
ಧಾರವಾಡದ ತೋಟದಿಂದ ಯಾರ ಕೈಲೋ ತರಿಸಿದ
ಪೇರಲ ತುಂಡಿನ ಮೇಲೆ
ತಾಮ್ರದ ಹಂಡೆ ಕೆತ್ತಿದ್ದರು.
ಹಂಡೆಯ ಕೆಳಗೆ ಉರಿ.
ಉರಿಯ ಒಂದು ನಾಲಗೆ ತುಸು ದಪ್ಪ,
ತುದಿಯಲ್ಲಿ ಎಡಕ್ಕೆ ಸುರುಳಿ.
ಕೈ ನಡುಗಿದಲ್ಲಿ ಒಂದು ಗೆರೆ ಜಾರಿ ಹಂಡೆಯ ಕಂಠ ಸೀಳಿದೆ.
ಅದನ್ನು ಹಾಗೇ ಬಿಟ್ಟಿದ್ದರು.

ಪ್ರೆಸ್ಸಿಲ್ಲ; ಚಮಚದ ಬೆನ್ನಿನಿಂದ ಉಜ್ಜಿ ತೆಗೆದ
ಮೂರು ಪ್ರತಿ, ಹಗ್ಗಕ್ಕೆ ಒಣಗಲು ಚಡ್ಡಿ ಟವೆಲ್ಲಿನ ಜೊತೆ.
“ಒಂದು ಆ ಎಡಚಗ ಕಳಸು.”

ಮೂಲೆಯಲ್ಲಿ ಪೆನ್ಸಿಲು:
೧, ಓರೆಗೆರೆ.
೨, ಓರೆಗೆರೆ.
೩, ಓರೆಗೆರೆ.
ಗೆರೆಯಾಚೆ ಏನನ್ನೂ ಬರೆದಿರಲಿಲ್ಲ.