ಕಂಪನಿಕೊಪ್ಪ

ಬೈಲಹೊಂಗಲದ ಸರಾಫ ಗಲ್ಲಿಯೊಳಗ
ಅಂಗಡಿ ಕದ ತೆಗಿಯೂ ಮೊದಲ
ನಾ ಗಟಾರದ ರಾಡಿ ಬಳಿತೀನಿ.
ಪತ್ತಾರ ಮೋನಪ್ಪ ತನ್ನ ಕಸಾನ
ವರ್ಷಕ್ಕಿಷ್ಟಂತ ನನಗ ಗುತ್ತಿಗಿ ಕೊಟ್ಟಾನ.
ನಗಬ್ಯಾಡ್ರಿ, ಕಸಕ್ಕೂ ಕರಾರುಪತ್ರ ಐತಿ.
ಅರದ ಪುಡಿ, ಇದ್ದಲಿ ಬೂದಿ, ಅಡಿಕಿ ಉಗುಳು,
ಎಲ್ಲಾ ಮರಿಗಿಗೆ ಸುರುವಿ, ನೀರ ಹೊಯ್ದು
ತಿರುವಿ ತಿರುವಿ ಚೆಲ್ಲಿದರ
ಕಡೀಕೊಂದು ಕರೀ ಗೆರಿ ಉಳೀತದ.
ಅದರ ಅಂಚಿಗೆ, ಒಮ್ಮೊಮ್ಮೆ,
ಹಳದಿ ಕೂದಲಿನಂಥಾದ್ದು.

ಮರಿಗಿ ನಮ್ಮಜ್ಜಿ ತಿಪ್ಪವ್ವಂದು.

ಆಕಿ ಹಳ್ಳದಾಗ ನಿಂತಾಕಿ.
ಮಿರಗದ ಮಳಿ ಗುಡ್ಡಾ ತೊಳದ ಮರದಿನಾ
ಮೊಳಕಾಲಮಟ ನೀರು, ಬೆನ್ನಿಗೆ ಕೂಸು.
ಒಂದು ಗುಲಗಂಜಿ ತೂಕ ಸಿಕ್ಕರ
'ಹಳ್ಳ ಇವತ್ತ ನಕ್ಕಿತ್ತು' ಅಂತಿದ್ದಳು.

ಆ ನಗಿ ಸುದ್ದಿ ಸಾಹೇಬನ ಕಿವಿಗೆ ಬಿತ್ತು.
ಹದಿನಾರು ಎತ್ತು ಹೂಡಿ ಬಾಯ್ಲರ್ ತಂದರು,
ಎರಡೆತ್ತು ದಾರ್‍ಯಾಗ ಸತ್ತವು.
ಬಾಯ್ಲರಿನ ಹಿಂದ ಊರು ಬಂತು:
ತಗಡಿನ ಚಾಳು, ನಿಂಬೆವ್ವನ ಖಾನಾವಳಿ,
ಮದರಾಸ ಕಡಿ ಸುರಂಗದವರು,
ಸೆರೆ ಅಂಗಡಿ, ಹನ್ನೊಂದು ಹುಡುಗೂರ ಸಾಲಿ.
ಹೆಸರಿಡಾಕ ಯಾರಿಗೂ ಪುರಸೊತ್ತಿಲ್ಲ.
ಕಂಪನಿಕೊಪ್ಪ ಅಂದರು, ಅದ ಆತು.

ಹಳ್ಳಕ್ಕ ಬೇಲಿ ಬಿತ್ತು.
ಅಜ್ಜಿ ಕಲ್ಲ ಹೊರೂ ಕೂಲಿಗೆ ಹೋದಳು.
ಸಂಜಿಕೆ ಗೇಟಿನ್ಯಾಗ ತುರುಬು ಬಿಚ್ಚಿ ತೋರಿಸಬೇಕು.
ನೆಲದಾಗ ಎಷ್ಟೈತೋ ಗೊತ್ತಿಲ್ಲದವರು
ಆಕಿ ಕೂದಲದಾಗ ಹುಡುಕಿದರು.

ನಾಕನೇ ವರ್ಷ, ಯುಗಾದಿ ಮುಂದ,
ಸುರಂಗದಾಗ ನೀರು ಬಂತಂತ ಕೆಲವರು,
ಬಂಗಾರದ ಎಳಿ ಹರೀತಂತ ಕೆಲವರು.
ಎಳಿ ಇತ್ತೇನ? ಅಂತ ಕೇಳಿದಾಕಿ ನಿಂಬೆವ್ವ ಒಬ್ಬಾಕೆ.
ನಲವತ್ತು ಮಂದಿ ಉದ್ರಿ
ಖಾನಾವಳಿ ಗ್ವಾಡಿ ಮ್ಯಾಲ ಇದ್ದಲಿ ಗೀಟಾಗಿ ನಿಂತಿತ್ತು.
ಗ್ವಾಡಿ ಹೊತ್ತು ಎಲ್ಲಿಗೆ ಹೋಗೋದು?

ಊರು ಸಾಯಲಿಲ್ಲ, ಬಿಚ್ಚಿ ಹೋತು.
ತಗಡು ಮುರಗೋಡದ ದನದ ಹಕ್ಕಿಗೆ,
ಬಾಗಲಾ ಯಾವದೋ ಮಠಕ್ಕ,
ಬಾಯ್ಲರ್ ಹತ್ತಿ ಜಿನ್ನಿಗೆ. ಅಲ್ಲಿ ಅದು
ಖರೇನ ದುಡೀತಂತ.
ಟಪಾಲಿನವ ಮತ್ತೊಂದು ವರ್ಷ ಬರತಿದ್ದ,
ತಮಿಳು ಕಾಗದ ಹಿಡದು
ಹಾಳ ಒಲಿಗಳ ನಡುವ
ಹೆಸರು ಒದರಿ ಒದರಿ.

ಒಮ್ಮೆ ಹೋಗಿ ನೋಡಿ ಬಂದೆ.
ಸುರಂಗದ ಬಾಯಿಗೆ ಕುರುಬರು ಜಾಲಿಮುಳ್ಳು ಬಡದಾರ.
ಹೊರಾಕಾಗದ್ದಕ್ಕ ಉಳದ ಒರಳಕಲ್ಲು,
ಅದರಾಗ ಮಳಿನೀರು, ನೀರಾಗ ಕಪ್ಪಿಮರಿ.
ಹಳ್ಳ ಹರೀತಿತ್ತು. ಬೇಲಿ ಇರಲಿಲ್ಲ.
ನಾ ಮರಿಗಿ ಒಯ್ದಿರಲಿಲ್ಲ.

ಅಜ್ಜಿ ತೀರಿದಾಗ ಮೂಗುತಿ ತಗದರು.
ಮೋನಪ್ಪನ ಅಪ್ಪ ತೂಗಿ ನೋಡಿ
'ಅರ್ಧ ಗುಂಜಿ ಸವದೈತಿ' ಅಂದ, ರೊಕ್ಕ ಮುರಕೊಂಡ.
ಆ ಅರ್ಧ ಗುಂಜಿ ಸೆರಗಿಗೆ ಹತ್ತಿ,
ಒಗದ ನೀರಿಗೆ ಬಿದ್ದು,
ಯಾವ ಗಟಾರ ಸೇರೇತೋ.

ಗಟಾರ ನಗೂದಿಲ್ಲ.
ನಾಳೆ ಸಂತಿ, ಗಲ್ಲಿ ಲಗೂನ ತುಳಿದಾಡತದ.
ಕತ್ತಲಿದ್ದಾಗ ಏಳಬೇಕು.